ಬಟ್ಟೆ ಒಣಗುವ ಶನಿವಾರ

ಆಕಾಶದಲ್ಲಿ ಹೆಸರಿಗೂ ಒಂದು ಮೋಡವಿರಲಿಲ್ಲ. ಎದುರು ಕಟ್ಟಡದ ಮಹಡಿಯ ಮೇಲೆ ಯಾರೋ ಆಗಲೇ ಹೊದಿಕೆಗಳನ್ನೆಲ್ಲ ಹರವಿ ಹಾಕಿದ್ದರು. ಇಷ್ಟು ಬಿಸಿಲಿದ್ದರೂ ಅವಳ ಫೋನಿನಲ್ಲಿ ಮಾತ್ರ ದಪ್ಪಕ್ಷರದಲ್ಲಿ ಒಂದೇ ಪದ: 'ಒಣಗಲ್ಲ.' ಅದರ ಕೆಳಗೆ ಸಣ್ಣದಾಗಿ, 'ಟವಲ್ ಆಸೆ ಬಿಟ್ಟುಬಿಡಿ. ಕರ್ಚೀಫಿಗೆ ಬೇಕಾದರೆ ಒಂದು ಕೈ ನೋಡಿ.'

ಸಿಕ್ಕಿಬಿದ್ದ ಕಳ್ಳ, ಅಂದುಕೊಂಡಳು ಅವಳು. ಒದ್ದೆ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಲಾಂಡ್ರಿಯ ಬಾಗಿಲು ತಳ್ಳಿದಳು.

ಒಳಗೆ ಸೋಪಿನ ಪರಿಮಳ, ಕಾದ ಇಸ್ತ್ರಿಯ ಬಿಸಿ. ಗೋಡೆಯುದ್ದಕ್ಕೂ ಡ್ರೈಯರ್‌ಗಳು ಗುಂಡು ಕಿಟಕಿಯೊಳಗೆ ಯಾರ ಯಾರದೋ ಅಂಗಿಗಳನ್ನು ಉರುಳಾಡಿಸುತ್ತಿದ್ದವು. ಕೌಂಟರಿನ ಹಿಂದೆ ಒಬ್ಬ ಬಿಳಿ ಕಾಲರೊಂದರ ಮೇಲೆ ಇಸ್ತ್ರಿ ಓಡಿಸುತ್ತ ನಿಂತಿದ್ದ. ಊರವರ ಬಟ್ಟೆಯನ್ನೆಲ್ಲ ಗರಿಗರಿ ಮಾಡುವವನ ಸ್ವಂತ ಅಂಗಿ ಮಾತ್ರ ಮುದ್ದೆಮುದ್ದೆ. ಇದೂ ಅನುಮಾನಕ್ಕೆ ಒಂದು ಕಾರಣವೇ ಎಂದು ಅವಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

"ಇವನ್ನ ಒಣಗಿಸಬೇಕಿತ್ತು."

"ಕೊಡಿ."

"ಹೊರಗೆ ಇಷ್ಟು ಬಿಸಿಲು. ಆದ್ರೂ ಒಣಗಲ್ವಂತೆ ಇವತ್ತು."

ಅವನು ತಲೆಯೆತ್ತಿದ. ನಗು ತುಟಿಯ ಒಂದು ತುದಿಯಲ್ಲಿ ಹುಟ್ಟಿ, ಇನ್ನೊಂದು ತುದಿಗೆ ಹೋಗಲೋ ಬೇಡವೋ ಎಂದು ಸ್ವಲ್ಪ ಯೋಚಿಸಿತು. "ಯಾರು ಹೇಳಿದ್ದು?"

"ಯಾವುದೋ ವೆಬ್‌ಸೈಟು."

"ಓ, ಅದಾ. ಅದನ್ನ ಬರೆಯೋನು ನಾನೇ."

ಅವಳು ಚೀಲವನ್ನು ಕೌಂಟರಿನ ಮೇಲಿಟ್ಟಳು. ಮುಚ್ಚಿಡುತ್ತಾನೆ, ತಡವರಿಸುತ್ತಾನೆ ಎಂದು ಸಿದ್ಧವಾಗಿ ಬಂದಿದ್ದಳು. ಕೇಳುವ ಮೊದಲೇ ಒಪ್ಪಿಕೊಳ್ಳುವವರ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

"ಸೈಟೂ ನಿಮ್ಮದೇ, ಡ್ರೈಯರೂ ನಿಮ್ಮದೇ. ಒಳ್ಳೆ ಏರ್ಪಾಡು ಬಿಡಿ."

"ಮಧ್ಯಾಹ್ನದ ತನಕ ಕೂತಿರಿ. ಆಮೇಲೆ ಬೈಯೋದಿದ್ರೆ ಬೈಯಿರಿ."

"ಮಧ್ಯಾಹ್ನ ಏನಾಗುತ್ತೆ?"

"ಎದುರು ಮಹಡಿಯೋರು ಓಡೋಡಿ ಬರ್ತಾರೆ."

ಅವಳು ಕೂತಳು, ಹಟಕ್ಕೆ ಬಿದ್ದು ಕೂತಳು. ಊಟದ ಹೊತ್ತು ಕಳೆದದ್ದೇ ಗಾಳಿ ತಿರುಗಿತು, ಬಿಸಿಲು ಮಂಕಾಯಿತು, ಇದ್ದಕ್ಕಿದ್ದಂತೆ ಮಳೆ ಬಂತು. ಎದುರು ಮಹಡಿಯ ಹೆಂಗಸು ಹೊದಿಕೆಗಳನ್ನು ಬಾಚಿಕೊಂಡು ಓಡಿದ್ದು ಗಾಜಿನಾಚೆ ಕಂಡಿತು. ಈಗ ಇವನು ತನ್ನ ಕಡೆ ನೋಡಿ ಜಂಬದ ನಗೆ ನಗುತ್ತಾನೆ, ನಗಲಿ, ಎಂದು ಅವಳು ಕಾದಳು. ಅವನು ನೋಡಲೇ ಇಲ್ಲ. ಬಾಗಿಲು ತೆರೆದು, ಬೀದಿಯಲ್ಲಿ ನೆನೆಯುತ್ತಿದ್ದ ಯಾರೋ ಮುದುಕರನ್ನು ಒಳಗೆ ಕರೆದು ಕೂರಿಸಿ, ಒಂದು ಒಣ ಟವಲ್ ಕೊಟ್ಟ. ಅವಳ ತಲೆಯಲ್ಲಿ ಹುಳ ಬಿಟ್ಟದ್ದು ಅದೇ.

ಅವಳ ಕೆಲಸವೇ ಅನುಮಾನ ಪಡುವುದು. ಆ ಊರಿನ ಫೋನುಗಳಲ್ಲಿ ಯಾವ ವೆಬ್‌ಸೈಟ್ ತೆರೆದರೂ ಹೆಸರಿನ ಪಕ್ಕ ಒಂದು ಪುಟ್ಟ ಚುಕ್ಕಿ ಬರುತ್ತಿತ್ತು. ಹಸಿರಾದರೆ ನಂಬಬಹುದು, ಹಳದಿಯಾದರೆ ನೋಡಿಕೊಂಡು ನಂಬಬೇಕು, ಕೆಂಪಾದರೆ ದೂರವಿರಬೇಕು. ಚುಕ್ಕಿಯನ್ನು ಒತ್ತಿದರೆ ಆ ಬಣ್ಣ ಯಾಕೆ ಬಂತೆಂಬ ಕಾರಣಗಳ ಪುಟ ತೆರೆಯುತ್ತಿತ್ತು. ಆ ಚುಕ್ಕಿಗಳನ್ನು ಇಡುವ ಆಫೀಸಿನಲ್ಲಿ ಅವಳು ಪರಿಶೀಲಕಿ. ಯಾರಾದರೂ ಗಡಿಯಾರ ನೋಡಿ ಟೈಮ್ ಹೇಳಿದರೆ ಇನ್ನೊಂದು ಗಡಿಯಾರ ನೋಡಿ ಬರುವವಳಾದ್ದರಿಂದ ಅಲ್ಲಿ ಎಲ್ಲರೂ ಅವಳನ್ನು ಪತ್ತೇದಾರಿ ಎಂದೇ ಕರೆಯುತ್ತಿದ್ದರು.

ಲಾಂಡ್ರಿಯವನ ಮೇಲೆ ದೂರು ಬಂದಿತ್ತು. 'ಒಣಗಲ್ಲ' ಎಂದು ಬರೆದಷ್ಟೂ ಅವನ ಅಂಗಡಿಗೆ ಜನ, ಆದರೆ ಸೈಟಿನಲ್ಲಿ ಲಾಂಡ್ರಿಯ ಸುದ್ದಿಯೇ ಇಲ್ಲ, ಇದು ಮೋಸವಲ್ಲವೇ ಎಂದು. ಆಫೀಸಿನ ಮುಖ್ಯಸ್ಥೆ ಆ ದೂರನ್ನು ಇವಳಿಗೇ ವಹಿಸಿದ್ದರು. ಎಲ್ಲರ ಊಟದ ಡಬ್ಬಿ ವಿಚಾರಿಸಿ, ಎಲ್ಲರನ್ನೂ ಗದರಿಸುತ್ತಿದ್ದ ಅವರಿಗೆ ಇಡೀ ಆಫೀಸು ಇಟ್ಟ ಹೆಸರು ದೊಡ್ಡಮ್ಮ.

"ಮೊದಲು ಗಿರಾಕಿ ಥರ ಹೋಗು. ಯಾರು, ಎಲ್ಲಿಂದ ಅಂತ ಬಾಯಿ ಬಿಡಬೇಡ," ಎಂದಿದ್ದರು ದೊಡ್ಡಮ್ಮ. "ನೋಡೋದೆಲ್ಲ ನೋಡಿ ಆದ್ಮೇಲೆ ಗುರುತಿನ ಚೀಟಿ ತೋರಿಸಿ ಪ್ರಶ್ನೆ ಕೇಳು. ಅಲ್ಲಿ ತನಕ ಅವರ ಒಂದು ಲೋಟ ನೀರೂ ಮುಟ್ಟಬಾರದು, ಗೊತ್ತಲ್ಲ?"

"ಗೊತ್ತು ದೊಡ್ಡಮ್ಮ... ಅಲ್ಲ, ಮೇಡಂ."

ಆ ಸಂಜೆ ಮನೆಯಲ್ಲಿ ಅಮ್ಮ ಸೋಫಾದಲ್ಲಿ ಕೂತು ಫೋನನ್ನು ಮೂಗಿನ ತುದಿಗೆ ಹಿಡಿದಿದ್ದಳು. "ಪುಟ್ಟಿ, ಈ ಚಪ್ಪಲಿ ಸೈಟಿಗೆ ಹಸಿರಿದೆ ಕಣೇ. ತಗೊಂಡುಬಿಡ್ಲಾ?"

"ಚುಕ್ಕಿ ನೋಡಿ ಕಣ್ಣು ಮುಚ್ಕೊಂಡುಬಿಡೋದಲ್ಲಮ್ಮ. ಒತ್ತಿ ಓದು."

"ಓದೋ ಹಾಗಿದ್ರೆ ನಿಮ್ಮ ಚುಕ್ಕಿ ಯಾಕೆ ಬೇಕಿತ್ತು? ಹಾಗೇ ನಿಂಗೆ ನೋಡ್ತಿರೋ ಹುಡುಗರಿಗೂ ಒಂದೊಂದು ಇಟ್ಟುಬಿಡಿ ಅಂತ ನಿಮ್ಮ ಮೇಡಂಗೆ ಹೇಳು, ನನ್ನ ತಲೆಬಿಸಿ ಕಮ್ಮಿಯಾಗುತ್ತೆ."

"ಮತ್ತೆ ಆ ಬಟ್ಟೆ ಸೈಟನ್ನ ದಿನಾ ನೋಡ್ತೀಯಲ್ಲ. ಅದಕ್ಕೆ ಚುಕ್ಕಿನೇ ಇಲ್ಲ."

"ಅದಕ್ಯಾಕೆ ಚುಕ್ಕಿ? ಬಟ್ಟೆ ಒಣಗುತ್ತಲ್ಲ!" ಎಂದು ಅಮ್ಮ ಆಶ್ಚರ್ಯದಿಂದ ಕೇಳಿದಳು.

ಮುಂದಿನ ಶನಿವಾರ ಮೋಡ ಮುಚ್ಚಿತ್ತು. 'ಒಣಗಲ್ಲ' ಎಂದಿತು ಫೋನು. ಅವಳು ಚೀಲ ಹಿಡಿದು ಹೋದಳು. ಗುಂಡಿ ಬಿದ್ದುಹೋಗಿದ್ದ ತನ್ನ ನೀಲಿ ಕೋಟನ್ನೂ ಒಗೆಯಲು ಒಯ್ದಳು.

"ಬನ್ನಿ, ಅನುಮಾನದ ಮೇಡಂ," ಎಂದ ಅವನು.

ತನ್ನ ಗುರುತು ಸಿಕ್ಕಿಬಿಟ್ಟಿತೇ ಎಂದು ಅವಳು ಬೆಚ್ಚಿದಳು. "ಯಾಕೆ ಹಾಗಂತೀರಿ?"

"ಹೋದ ಸಲ ಚಿಲ್ಲರೇನ ಎಣಿಸಿ, ಮತ್ತೆ ಎಣಿಸಿ, ಬೆಳಕಿಗೆ ಹಿಡಿದು ನೋಡಿದ್ರಲ್ಲ."

ಒಳಬಾಗಿಲಿನಿಂದ ಒಂದು ಹೆಣ್ಣುದನಿ ನಕ್ಕಿತು. ಅದು ಅವನ ಅಕ್ಕ. ಲೆಕ್ಕಾಚಾರ, ಮಡಚುವ ಕೆಲಸ ಮತ್ತು ತಮ್ಮನ ಕಾಲೆಳೆಯುವುದು ಅವಳ ಪಾಲಿನದು.

"ಒಣಗುತ್ತೋ ಇಲ್ವೋ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಪತ್ತೇದಾರಿ ಸುಮ್ಮನೆ ಕುತೂಹಲಕ್ಕೆಂಬಂತೆ ಕೇಳಿದಳು.

"ಮೇಲೆ ಬನ್ನಿ, ತೋರಿಸ್ತೀನಿ."

ಮಹಡಿಯ ಮೇಲೆ ಒಂದು ಹಗ್ಗ. ಅದರ ಮೇಲೆ ಒಂದು ತೆಳು ಕರ್ಚೀಫು, ಒಂದು ಟವಲ್, ಒಂದು ದಪ್ಪ ಜೀನ್ಸ್. ಬೆಳಕು ಹರಿಯುವ ಹೊತ್ತಿಗೆ ಮೂರನ್ನೂ ಒದ್ದೆ ಮಾಡಿ ಹರವುತ್ತಾನಂತೆ. ಆಮೇಲೆ ಗಾಳಿ ಯಾವ ಕಡೆಯಿಂದ, ಎಷ್ಟು ತೇವ ಹೊತ್ತು ಬರುತ್ತಿದೆ ಎಂದು ನೋಡಿ, ಎಲ್ಲರೂ ಬಕೆಟ್ ಎತ್ತಿಕೊಳ್ಳುವ ಮೊದಲು ಬರೆದು ಹಾಕುತ್ತಾನಂತೆ.

"ಮುಟ್ಟಿ ನೋಡಿ. ಅಲ್ಲಲ್ಲ, ಅಲ್ಲಿ ಅಲ್ಲ. ಬಟ್ಟೆ ಮೇಲೆಮೇಲೆ ಒಣಗಿದ ಹಾಗೇ ಇರುತ್ತೆ. ಹೊಲಿಗೆ ಹಿಡಿದು ನೋಡ್ಬೇಕು."

ಅವಳು ಜೀನ್ಸಿನ ಹೊಲಿಗೆಯನ್ನು ಬೆರಳ ನಡುವೆ ಒತ್ತಿ ಹಿಡಿದಳು. ಒಳಗೆ ತಣ್ಣನೆಯ ತೇವವಿತ್ತು. ಅದೇ ಹೊಲಿಗೆಯ ಕೆಳತುದಿಯನ್ನು ಅವನು ಹಿಡಿದಿದ್ದ. ಗಾಳಿಗೆ ಟವಲ್ ಹಾರಿ ಅವಳ ಮುಖಕ್ಕೆ ಬಡಿಯಿತು. ಅವನು ಅದನ್ನು ಸರಿಸಿ, ತಕ್ಷಣ ಒಂದು ಹೆಜ್ಜೆ ಹಿಂದೆ ಹೋದ. ಆ ಒಂದು ಹೆಜ್ಜೆ ಅವಳಿಗೆ ತುಂಬ ಹಿಡಿಸಿತು. ಹಿಡಿಸಿದ್ದು ಸರಿಯಲ್ಲವೆಂದೂ ಅನ್ನಿಸಿತು.

"ಟೀ ಕುಡೀತೀರಾ?"

"ಬೇಡ."

"ವಿಷ ಹಾಕಿಲ್ಲ ಕಣ್ರೀ."

"ಬೇಡ ಅಂದೆನಲ್ಲ."

ಅವಳ ಕೈಯಲ್ಲಿದ್ದ ಫೋನಿನ ಕಡೆ ಅವನ ಕಣ್ಣು ಹೋಯಿತು. ಯಾವುದೋ ಸುದ್ದಿಯ ಪುಟ, ಪಕ್ಕದಲ್ಲಿ ಹಸಿರು ಚುಕ್ಕಿ. "ಈ ಚುಕ್ಕಿಗಳು ನನಗೆ ಅಷ್ಟಕ್ಕಷ್ಟೇ," ಎಂದ.

"ಯಾಕೆ? ಮುಚ್ಚಿಡೋದು ಏನಾದ್ರೂ ಇದೆಯಾ?"

"ನೋಡಿ, ಕೇಳಿದ್ದೇ ತಡ ಅನುಮಾನ. ಮುಚ್ಚಿಡೋದು ಏನಿಲ್ಲ. ಬಣ್ಣ ನೋಡಿದ ಕೂಡ್ಲೇ ಜನ ಓದೋದನ್ನೇ ನಿಲ್ಲಿಸಿಬಿಡ್ತಾರೆ. ಅಷ್ಟೇ ನನ್ನ ಬೇಜಾರು."

"ಪ್ರತಿಯೊಂದನ್ನೂ ಹೊಲಿಗೆ ಹಿಡಿದು ನೋಡೋಕೆ ಜನಕ್ಕೆ ಪುರುಸೊತ್ತು ಎಲ್ಲಿದೆ? ನಮ್ಮಮ್ಮ ಒಂದ್ಸಲ ಯಾವುದೋ ಸೈಟ್ ನಂಬಿ, ಮಂಡಿ ನೋವಿಗೆ ಅಂತ ಏನೋ ಪುಡಿ ತಿಂದು ಆಸ್ಪತ್ರೆ ಸೇರಿದ್ರು. ಅವತ್ತು ಅಲ್ಲೊಂದು ಕೆಂಪು ಚುಕ್ಕಿ ಇದ್ದಿದ್ರೆ ಸಾಕಿತ್ತು."

"ಅದು ನಿಜ," ಎಂದ ಮೆಲ್ಲಗೆ. "ಯಾರಾದ್ರೂ ನೋಡಿ ಹೇಳ್ಲೇಬೇಕು, ಒಪ್ಕೊಂಡೆ. ಆದ್ರೆ ಹೇಳೋರ ಮುಖ ಕಾಣಬೇಕು. ನಾನು ತಪ್ಪು ಬರೆದ್ರೆ ಜನ ಒದ್ದೆ ಬಟ್ಟೆ ತಂದು ನನ್ನ ಕೌಂಟರ್ ಮೇಲೇ ಎಸೀತಾರೆ. ಚುಕ್ಕಿಯೋರು ತಪ್ಪು ಮಾಡಿದ್ರೆ ಎಲ್ಲಿ ಅಂತ ಹುಡುಕೋದು?"

ಚುಕ್ಕಿಯವಳು ಅವನೆದುರಿಗೇ ನಿಂತಿದ್ದಳು. ಪರರ ನಿಜ ಸುಳ್ಳು ತೂಗಲು ಬಂದು, ತಾನು ಯಾರೆಂಬ ಒಂದು ನಿಜವನ್ನೂ ಹೇಳದೆ ನಿಂತಿದ್ದೇನಲ್ಲ ಎಂದು ಅವಳಿಗೆ ಮೊದಲ ಸಲ ಮುಜುಗರವಾಯಿತು.

ಸಂಜೆ ಕೋಟು ತೊಟ್ಟು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಂಡುಹಿಡಿದಳು. "ಗುಂಡಿ ಹೊಲಿಸಿದೀಯ! ದಾರಾನೂ ಅದೇ ನೀಲಿ, ಎಷ್ಟು ನೀಟಾಗಿದೆ."

ಅವಳು ಕೆಳಗೆ ನೋಡಿಕೊಂಡಳು. ಹೊಲಿಯಿರೆಂದು ಅವಳು ಹೇಳಿರಲಿಲ್ಲ. ಅವನು ದುಡ್ಡನ್ನೂ ಕೇಳಿರಲಿಲ್ಲ. ಅಂದರೆ ಇದು ಉಪಕಾರ. ಒಂದು ಲೋಟ ನೀರೂ ಮುಟ್ಟಬಾರದು ಎಂದ ದೊಡ್ಡಮ್ಮನ ಮುಖ ಕಣ್ಣೆದುರು ಬಂತು. ಬೆಣ್ಣೆ ಹಚ್ಚುವುದಕ್ಕೆ ಹೊಲಿದನೇ? ಇವಳು ಯಾರೆಂದು ಗೊತ್ತಾಗಿಬಿಟ್ಟಿದೆಯೇ? ಕತ್ತರಿ ತಂದು, ಆ ಅಚ್ಚುಕಟ್ಟಾದ ದಾರವನ್ನು ಒಂದೊಂದಾಗಿ ಕತ್ತರಿಸಿದಳು.

"ಹುಚ್ಚೇನೇ ನಿಂಗೆ?" ಎಂದಳು ಅಮ್ಮ.

"ಆಫೀಸ್ ರೂಲು."

"ಗುಂಡಿ ಕಿತ್ತು ಚಳೀಲಿ ನಡುಗೋ ರೂಲು ಯಾವ ಆಫೀಸಲ್ಲಿದೆ?"

ಮರುವಾರ ಕಾಗದದಲ್ಲಿ ಸುತ್ತಿದ ಗುಂಡಿಯನ್ನು ಕೌಂಟರಿನ ಮೇಲಿಟ್ಟಾಗ ಅವನ ಮುಖ ಸಪ್ಪಗಾಯಿತು.

"ನಾನು ಕೇಳಿರಲಿಲ್ಲ," ಎಂದಳು ಅವಳು.

"ಒಂದು ಗುಂಡಿಗೂ ಕೇಳಬೇಕಾ?"

"ಬೇಕು."

ಅವನು ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಜಗಳವಾಡಲಿಲ್ಲ. ದಾರದ ಡಬ್ಬಿ ತೆರೆದು ಅದರೊಳಗೆ ಹಾಕಿ ಮುಚ್ಚಿದ. "ಇಲ್ಲೇ ಇರುತ್ತೆ. ಕೇಳಬೇಕು ಅನ್ನಿಸಿದಾಗ ಕೇಳಿ."

"ಗುಂಡಿ ವಾಪಸ್ ಕೊಡೋರನ್ನ ಇವತ್ತೇ ಕಂಡಿದ್ದು ಕಣೋ," ಎಂದಳು ಒಳಗಿನಿಂದ ಅಕ್ಕ. "ಹುಷಾರು. ಮುಂದೆ ಮನಸ್ಸನ್ನೂ ಪೊಟ್ಟಣ ಕಟ್ಟಿ ವಾಪಸ್ ಕೊಟ್ಟಾರು."

ಅದರ ಮುಂದಿನ ಶನಿವಾರ ಫೋನು 'ಒಣಗುತ್ತೆ' ಎಂದಿತು. ಒಣಗಿತು ಕೂಡ. ಲಾಂಡ್ರಿಗೆ ಹೋಗಲು ನೆಪ ಸಿಗಲಿಲ್ಲ. ಅವಳು ಮನೆಯಲ್ಲಿ ಕಪಾಟು ಸರಿಮಾಡಿದಳು, ಸರಿಮಾಡಿದ್ದನ್ನೇ ಮತ್ತೆ ಸರಿಮಾಡಿದಳು, ಅಮ್ಮನ ಮೇಲೆ ಎರಡು ಸಲ ರೇಗಿದಳು. ಒಂದು ಶನಿವಾರ ಇಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಮತ್ತೆ 'ಒಣಗಲ್ಲ', 'ಒಣಗಲ್ಲ'. ಅವಳು ಖುಷಿಯಿಂದಲೇ ಚೀಲ ಹಿಡಿದು ಹೊರಟಳು. ಅವನ ಮುದ್ದೆ ಅಂಗಿಯನ್ನು ತಮಾಷೆ ಮಾಡಿದಳು. ಅವನು ಇವಳ ಚಿಲ್ಲರೆಯನ್ನು ತಾನೇ ಬೆಳಕಿಗೆ ಹಿಡಿದು ತೋರಿಸಿ, ಅಸಲಿ ಎಂದು ಆಣೆ ಮಾಡಿ ಕೊಟ್ಟ. ಡ್ರೈಯರ್ ನಿಂತ ಮೇಲೂ ಬಟ್ಟೆ ತೆಗೆಯಲು ಇಬ್ಬರಿಗೂ ಅವಸರವಿರಲಿಲ್ಲ.

ಆದರೆ ಅನುಮಾನಕ್ಕೆ ರಜೆಯಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅವಳು ನೋಡಿದಳು: ಬೀದಿಯ ಮಹಡಿಗಳಲ್ಲೆಲ್ಲ ಬಟ್ಟೆಗಳು ಗರಿಗರಿಯಾಗಿ ಹಾರಾಡುತ್ತಿದ್ದವು. ಹಿಂದಿನ ವಾರವೂ ಹೀಗೇ ಇತ್ತಲ್ಲವೇ?

ಮುಂದಿನ ಶನಿವಾರ ಬೆಳಿಗ್ಗೆ ಅವಳು ತನ್ನ ಮಹಡಿಯ ಮೇಲೆ ಕರ್ಚೀಫು, ಟವಲ್, ಜೀನ್ಸ್ ಒದ್ದೆ ಮಾಡಿ ಹರವಿದಳು. ಫೋನು 'ಒಣಗಲ್ಲ' ಎಂದಿತು. ಮಧ್ಯಾಹ್ನದೊಳಗೆ ಹೊಲಿಗೆ ಹಿಡಿದು ನೋಡಿದಳು. ಬೆಚ್ಚಗೆ, ಕಡ್ಡಿಯಂತೆ ಒಣಗಿತ್ತು. ವಾರದ ಉಳಿದ ದಿನಗಳ ಬರಹವನ್ನೆಲ್ಲ ಅಮ್ಮ ಆಯಾ ದಿನ ಒಣಹಾಕಿದ್ದ ಬಟ್ಟೆಗಳ ಜೊತೆ ತಾಳೆ ಹಾಕಿದಳು, ಎಲ್ಲ ಸರಿ. ಶನಿವಾರ ಮಾತ್ರ ಸುಳ್ಳು. ಶನಿವಾರ ಜನರಿಗೆ ರಜ, ಮನೆಮನೆಯಲ್ಲೂ ಬಟ್ಟೆಯ ರಾಶಿ, ಲಾಂಡ್ರಿಗೆ ಸುಗ್ಗಿ.

ಹಾಗಾದರೆ ದೂರು ನಿಜ. ಮೊದಲಾಗಿದ್ದರೆ ಅವಳು ಕುಣಿದಾಡುತ್ತಿದ್ದಳು. ಇವತ್ತು ನೀರಿನ ಟ್ಯಾಂಕಿಗೆ ಒರಗಿ ಕೂತು, ಒಣಗಿದ ಜೀನ್ಸನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಅವನು ಸುಳ್ಳ ಎಂಬುದಕ್ಕಲ್ಲ, ಅವನು ಸುಳ್ಳನಾಗಬಾರದಿತ್ತು ಎಂದು ತಾನು ಇಷ್ಟೊಂದು ಬಯಸಿದ್ದೇನಲ್ಲ ಎಂಬುದಕ್ಕೆ ಅತ್ತಳು. ಪ್ರೀತಿ ಎಂಬ ಮಾತು ಅವಳ ಮನಸ್ಸಿಗೆ ಬಂದದ್ದು ಆಗಲೇ, ಅದೂ ಕಳ್ಳನಂತೆ.

ಮುಖ ತೊಳೆದು, ಚೀಲವಿಲ್ಲದೆ ಹೋದಳು. ಕೌಂಟರಿನ ಮೇಲೆ ಗುರುತಿನ ಚೀಟಿ ಇಟ್ಟಳು.

ಅವನು ಅದನ್ನು ಓದಿದ. ಇಸ್ತ್ರಿಯನ್ನು ಎತ್ತಿ ಪಕ್ಕಕ್ಕಿಟ್ಟ. "ಹಾಗಾದ್ರೆ ನೀವು ಬಂದಿದ್ದೆಲ್ಲ ಇದಕ್ಕಾ?"

"ಮೊದಲು ಇದಕ್ಕೇ."

"ಮೊದಲು ಅಂದ್ರೆ?"

"ಪ್ರಶ್ನೆ ಕೇಳೋಳು ನಾನು," ಎಂದಳು ಅವಳು. ದನಿ ಗಟ್ಟಿಯಾಗಿರಲೆಂದು ಕೌಂಟರಿನ ಅಂಚು ಹಿಡಿದುಕೊಂಡಳು. "ಸೈಟಿನಲ್ಲಿ ಅಂಗಡಿ ವಿಷಯ ಯಾಕೆ ಬರೆದಿಲ್ಲ?"

"ಈ ಬೀದಿಗೆ ಅಂತ ಶುರು ಮಾಡಿದ್ದು. ಬೀದಿಗೆಲ್ಲ ನಾನ್ಯಾರು ಅಂತ ಗೊತ್ತು. ಊರಿಡೀ ಓದೋ ಹಾಗಾದ ಮೇಲೆ ಬರೀಬೇಕಿತ್ತು, ಬರೀಲಿಲ್ಲ. ತಪ್ಪೇ."

"ಶನಿವಾರ ಮಾತ್ರ ಸುಳ್ಳು ಬರೀತೀರಿ. ಗೊತ್ತಿದ್ದೇ ಬರೀತೀರಾ?"

ಅವನು ಇಸ್ತ್ರಿಯ ವೈರನ್ನು ಸುತ್ತತೊಡಗಿದ. ಡ್ರೈಯರೊಂದು ಸುತ್ತು ಮುಗಿಸಿ ನಿಂತಿತು. ಒಳಬಾಗಿಲಿಗೆ ಬಂದು ನಿಂತ ಅಕ್ಕ, "ಹೇಳೋ. ಬಾಯಿಗೆ ಬೀಗ ಹಾಕ್ಕೊಂಡಿದೀಯಾ?" ಎಂದಳು.

"ಗೊತ್ತಿದ್ದೇ ಬರೆದೆ," ಎಂದ ಅವನು. "ಹೋದ ತಿಂಗಳು ಒಂದು ಶನಿವಾರ 'ಒಣಗುತ್ತೆ' ಅಂತ ಬರೆದೆ. ಅವತ್ತು ನೀವು ಬರಲಿಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಕಿವಿ ಬಿಸಿಯಾಯಿತು.

"ಸಂಜೆ ತನಕ ಬಾಗಿಲು ನೋಡಿದೆ," ಎಂದ ಅವನು. "ಮುಂದಿನ ವಾರ ಬರೀಬೇಕಾದ್ರೆ ಕೈ ತಾನಾಗೇ 'ಒಣಗಲ್ಲ' ಅಂತ ಬರೀತು. ಊರಿಗೆಲ್ಲ ಸುಳ್ಳು ಹೇಳಿದ್ದು ಒಬ್ಬರ ಚೀಲಕ್ಕೋಸ್ಕರ. ನೀವು ಅಂದ್ರೆ ನನಗೆ ಅಷ್ಟು ಇಷ್ಟ. ಬರ್ಕೊಳ್ಳಿ."

ಎಷ್ಟು ಸಿಹಿಯಾದ ಮಾತು! ಅವಳ ಮೈಯೆಲ್ಲ ಕರಗಿತು. ಅದರ ಬೆನ್ನಿಗೇ ಹಳೆಯ ಹುಳ ಎದ್ದು ಕೂತಿತು. ಈ ಮಾತು ಚೀಟಿ ನೋಡುವ ಮೊದಲು ಬರಲಿಲ್ಲ, ನೋಡಿದ ಮೇಲೆ ಬಂತು. ಚುಕ್ಕಿ ಇಡುವವಳ ಕಿವಿಯ ಮೇಲೆ ಹೂವಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಬೇರೆ ಏನಿದೆ?

"ನಾನು ಯಾರು ಅಂತ ಗೊತ್ತಾದ ಮೇಲೆ ಹೇಳ್ತಿದೀರಿ," ಎಂದಳು. "ಹೇಗೆ ನಂಬೋದು?"

ಅವನ ಕಣ್ಣಿನಲ್ಲಿ ನೋವು ಬಂದು ನಿಂತಿತು. ಆದರೂ ಸಿಟ್ಟಾಗಲಿಲ್ಲ. "ನಂಬಬೇಡಿ. ಕೆಂಪು ಚುಕ್ಕಿ ಇಡಿ. ಇಟ್ಟು ಆದ ಮೇಲೆ ಬಂದು ಕೇಳಿ. ಆಗ ನನಗೆ ನಿಮ್ಮಿಂದ ಆಗಬೇಕಾದ್ದು ಏನೂ ಇರಲ್ಲವಲ್ಲ. ಆಗಲೂ ಇದನ್ನೇ ಹೇಳ್ತೀನಿ."

"ಕೆಂಪು ಬಿದ್ರೆ ಅಂಗಡಿಗೂ ಜನ ಬರಲ್ಲ ಕಣೋ," ಎಂದಳು ಅಕ್ಕ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಗೊತ್ತು," ಎಂದ ತಮ್ಮ.

ಆಫೀಸಿನಲ್ಲಿ ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೊಂದ್ಸಲ ಹೇಳು."

"ಶನಿವಾರ ಬರೆದದ್ದು ಸುಳ್ಳು ಅನ್ನೋದಕ್ಕೆ ಸಾಕ್ಷಿ ಎಲ್ಲ ಇದರಲ್ಲಿದೆ. ಒಂದನ್ನೂ ಬಿಟ್ಟಿಲ್ಲ. ಆದ್ರೆ ಚುಕ್ಕಿ ನಾನು ಇಡೋ ಹಾಗಿಲ್ಲ ಮೇಡಂ. ಬೇರೆಯವರಿಗೆ ಕೊಡಿ."

"ಯಾಕೆ?"

"ನನಗೆ ಅವರ ಮೇಲೆ ಪ್ರೀತಿ."

ದೊಡ್ಡಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಗಡಿಯಾರ ನಂಬದೋಳು ನೀನು. ನಿಂಗೆ ಪ್ರೀತಿ!" ನಗು ತಡೆದುಕೊಂಡು ಮುಂದೆ ಹೇಳಿದರು: "ಪರಿಶೀಲಕರು ಬದಲಾದ್ರೆ ಕಾರಣದ ಪುಟದಲ್ಲಿ ಹಾಕ್ಲೇಬೇಕು. ಊರೆಲ್ಲ ಓದುತ್ತೆ. 'ವೈಯಕ್ತಿಕ ಕಾರಣ' ಅಂತ ಬರೆದು ಬಿಟ್ಟುಬಿಡ್ಲಾ?"

ಅವಳು ಯೋಚಿಸಿದಳು. ಪೂರ್ತಿ ಹೇಳಿ, ಅರ್ಧ ಮುಚ್ಚಬೇಡಿ ಎಂದು ಎಷ್ಟು ಸೈಟಿನವರಿಗೆ ಬುದ್ಧಿ ಹೇಳಿದ್ದಾಳೆ! ಹೇಳುವವರ ಮುಖ ಕಾಣಬೇಕು ಎಂದು ಅವನು ಮಹಡಿಯ ಮೇಲೆ ಹೇಳಿದ್ದೂ ನೆನಪಾಯಿತು.

"ಬೇಡ ಮೇಡಂ. ಇದ್ದದ್ದು ಇದ್ದ ಹಾಗೇ ಬರೀರಿ."

ಕೆಲಸ ಹೋದದ್ದು ಸೊನ್ನೆ ಎಂಬುವವನ ಮೇಜಿಗೆ. ಯಾರಿಗೂ ಒಂದು ಅಂಕವನ್ನೂ ಬಿಟ್ಟುಕೊಡದವನೆಂದು ಅವನಿಗೆ ಆ ಹೆಸರು. ಅವನ ಹತ್ತಿರ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಅವನು ನೋಡಲು ಕೂರುವ ಮೊದಲೇ ಲಾಂಡ್ರಿಯವನ ಸೈಟಿನಲ್ಲಿ ತಿದ್ದುಪಡಿ ಬಂದಿತ್ತು: 'ಕಳೆದ ಕೆಲವು ಶನಿವಾರ ಒಣಗಲ್ಲ ಎಂದು ಬರೆದದ್ದು ಸುಳ್ಳು. ಬಟ್ಟೆ ಚೆನ್ನಾಗಿಯೇ ಒಣಗುತ್ತಿತ್ತು. ಗೊತ್ತಿದ್ದೇ ಬರೆದೆ. ಇದನ್ನು ನಡೆಸುವವನು ಲಾಂಡ್ರಿ ಅಂಗಡಿಯವನು. ಕ್ಷಮಿಸಿ.' ಕಾರಣ ಬರೆದಿರಲಿಲ್ಲ. ಅವಳನ್ನು ಆ ಮಾತಿನೊಳಗೆ ಎಳೆದು ತಂದಿರಲಿಲ್ಲ.

ಸೊನ್ನೆ ಅದನ್ನು ಓದಿ, ತಲೆದೂಗಿ, ಕೆಂಪು ಚುಕ್ಕಿ ಇಟ್ಟ. ಬೇಕೆಂದೇ ಸುಳ್ಳು ಬರೆದರೆ ಕೆಂಪು, ಮುಂದೆ ನೆಟ್ಟಗಿದ್ದರೆ ಮತ್ತೆ ನೋಡೋಣ ಎಂಬುದು ಆಫೀಸಿನ ನಿಯಮ. ಅದು ತಪ್ಪೆಂದು ಅವಳಿಗೂ ಅನ್ನಿಸಲಿಲ್ಲ.

ಶನಿವಾರ ಬಂತು. ಬೆಳಕು ಹರಿಯುವಾಗಲೇ ಅವಳು ಮಹಡಿಯಲ್ಲಿ ಒದ್ದೆ ಜೀನ್ಸ್ ಹರವಿದ್ದಳು. ಅಮ್ಮ ಬಕೆಟ್ ಎತ್ತಿಕೊಂಡು ಫೋನು ನೋಡಿ ಬೆಚ್ಚಿದಳು. "ಅಯ್ಯೋ, ಬಟ್ಟೆ ಸೈಟಿಗೆ ಕೆಂಪು ಬಿದ್ದಿದೆ ಕಣೇ! 'ಒಣಗುತ್ತೆ, ಜೀನ್ಸ್ ಕೂಡ' ಅಂತ ಬರೆದಿದಾನೆ. ನಂಬಬಹುದಾ?"

"ಒತ್ತಿ ಓದಮ್ಮ," ಎಂದು ಅವಳು ಗುಂಡಿಯಿಲ್ಲದ ನೀಲಿ ಕೋಟು ತೊಟ್ಟು ಹೊರಟಳು. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಮೇಲಿನಿಂದ "ಪುಟ್ಟೀ!" ಎಂಬ ಕೂಗು ಬಂತು. ಅಮ್ಮ ಓದಿಬಿಟ್ಟಿದ್ದಳು. ಅವಳು ನಿಲ್ಲಲಿಲ್ಲ.

ಬೀದಿಯುದ್ದಕ್ಕೂ ಬಿಸಿಲು, ಮಹಡಿಮಹಡಿಯಲ್ಲೂ ಬಟ್ಟೆ. ಲಾಂಡ್ರಿಯಲ್ಲಿ ಮಾತ್ರ ಒಂದು ಡ್ರೈಯರೂ ಓಡುತ್ತಿರಲಿಲ್ಲ. ಅವನು ಖಾಲಿ ಟೇಬಲ್ಲಿನ ಮೇಲೆ ತನ್ನದೇ ಮುದ್ದೆ ಅಂಗಿಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದ. ಬಾಗಿಲಿನ ಸದ್ದಿಗೆ ತಲೆಯೆತ್ತಿದವನು ಹಾಗೇ ನಿಂತ.

"ಇವತ್ತು ಒಣಗುತ್ತೆ ಅಂತ ಬರೆದಿದೀರಿ," ಎಂದಳು ಅವಳು.

"ನಿಜವಾಗ್ಲೂ ಒಣಗುತ್ತೆ."

"ಗೊತ್ತು. ನಮ್ಮ ಮಹಡೀಲೂ ಹೊಲಿಗೆ ಹಿಡಿದು ನೋಡ್ಕೊಂಡೇ ಬಂದೆ." ಅವಳ ಕೈಯಲ್ಲಿ ಚೀಲವಿಲ್ಲದ್ದನ್ನು ಅವನು ಆಗ ಗಮನಿಸಿದ. "ಒಣಗೋ ದಿನಾನೇ ಬಂದಿದೀನಿ. ಕೆಂಪು ಬಿದ್ದಾಯ್ತು. ಹೇಳೋದಿದ್ರೆ ಈಗ ಹೇಳಿ."

ಅವನು ಅವಳ ಮುಖವನ್ನೇ ನೋಡಿದ. ಅಂಗಡಿ ಖಾಲಿಯಾಗಿತ್ತು, ಹೆಸರು ಕೆಟ್ಟಿತ್ತು, ಹೇಳಿ ಪಡೆಯುವುದು ಏನೂ ಉಳಿದಿರಲಿಲ್ಲ.

"ಅದೇ," ಎಂದ. "ನೀವು ಅಂದ್ರೆ ಇಷ್ಟ. ಅವತ್ತಿಗಿಂತ ಇವತ್ತು ಒಂದು ಕೈ ಜಾಸ್ತಿ. ನೀವು ನಂಬದೇ ಇದ್ರೂ ಇಷ್ಟಾನೇ."

ಅವಳು ಅವನ ಕಣ್ಣಿನಲ್ಲಿ ಹುಡುಕಿದಳು, ಮೂಲೆಮೂಲೆಯಲ್ಲೂ ಹುಡುಕಿದಳು. ಒಂದು ಅನುಮಾನ ಉಳಿದಿತ್ತು. "ಕಾರಣದ ಪುಟ ಓದಿದೀರಾ?"

"ಇಲ್ಲ. ಕೆಂಪು ನೋಡಿದೆ, ಫೋನು ಮುಚ್ಚಿಟ್ಟೆ."

"ಬಣ್ಣ ನೋಡಿ ಓದೋದು ನಿಲ್ಲಿಸ್ತಾರೆ ಅಂತ ಊರಿಗೆಲ್ಲ ಬೈತೀರಿ. ನೀವೂ ಅಷ್ಟೇ!" ಎಂದಳು ಅವಳು. ಅವಳಿಗೆ ನಗು ಬಂತು. "ಒತ್ತಿ ಓದಿ."

ಅವನು ಫೋನು ತೆಗೆದು ಚುಕ್ಕಿ ಒತ್ತಿದ. ಮೇಲಿನ ಸಾಲುಗಳೆಲ್ಲ ಅವನ ತಪ್ಪಿನದು. ಕೊನೆಯಲ್ಲಿ ಒಂದು ಸಾಲು: 'ಮೊದಲ ಪರಿಶೀಲಕಿ ಈ ಕೆಲಸದಿಂದ ಹಿಂದೆ ಸರಿದಿದ್ದಾರೆ. ಕಾರಣ: ಸೈಟ್ ನಡೆಸುವವರ ಮೇಲೆ ಪ್ರೀತಿ.' ಅವನು ಅದನ್ನು ಓದಿದ. ಮತ್ತೆ ಓದಿದ. ಕಿವಿಯ ತುದಿ ಚುಕ್ಕಿಗಿಂತ ಕೆಂಪಾಯಿತು.

"ಇದನ್ನ ಊರೆಲ್ಲ ಓದಿದೆಯಾ?"

"ನಾನಂತೂ ಮೊದಲ ದಿನಾನೇ ಓದಿದೆ," ಎಂದು ಒಳಗಿನಿಂದ ಅಕ್ಕನ ದನಿ ಬಂತು. "ನೀನೇ ಓದ್ತೀಯ ಅಂತ ಸುಮ್ನಿದ್ದೆ. ಮುಖ ಊದಿಸ್ಕೊಂಡು ತಿರುಗ್ತಿದ್ದೆಯಲ್ಲ, ನೋಡೋಕೆ ಚೆನ್ನಾಗಿತ್ತು."

ಅವನಿಗೆ ಏನು ಮಾಡಬೇಕೋ ತೋಚಲಿಲ್ಲ. ಇಸ್ತ್ರಿಯ ಸ್ವಿಚ್ ಆರಿಸಿದ, ಮತ್ತೆ ಹಾಕಿದ, ಮತ್ತೆ ಆರಿಸಿದ. ಅವಳು ಕೋಟಿನ ಎದೆಯ ಮೇಲೆ ದಾರ ಕತ್ತರಿಸಿದ ಜಾಗದಲ್ಲಿ ಬೆರಳಿಟ್ಟು ನಿಂತಳು.

"ಗುಂಡಿ ಇದೆಯಾ?" ಎಂದಳು. "ಈಗ ಕೇಳ್ತಿದೀನಿ."

ಅವನು ದಾರದ ಡಬ್ಬಿ ತೆರೆದ. ಗುಂಡಿ ಕಾಗದದ ಸಮೇತ ಅಲ್ಲೇ ಇತ್ತು. ಕೋಟು ಬಿಚ್ಚಿ ಕೊಡಿ ಎಂದು ಅವನು ಹೇಳಲಿಲ್ಲ, ಬಿಚ್ಚಬೇಕೆಂದು ಅವಳಿಗೂ ಅನ್ನಿಸಲಿಲ್ಲ. ಅವನು ಸೂಜಿಗೆ ನೀಲಿ ದಾರ ಪೋಣಿಸಿದ. ಅವನು ಹತ್ತಿರ ಬಂದು ಹೊಲಿಯುತ್ತಿದ್ದಷ್ಟು ಹೊತ್ತೂ ಅವಳು ಅವನ ರೆಪ್ಪೆಗಳನ್ನೇ ನೋಡಿದಳು. ಕೊನೆಗೆ ದಾರ ಕತ್ತರಿಸಲು ಕತ್ತರಿ ಸಿಗಲಿಲ್ಲ. ಅವನು ಬಗ್ಗಿ ಹಲ್ಲಿನಿಂದ ಕಡಿದ.

ಅವಳು ಗುಂಡಿಯನ್ನು ಹಿಡಿದು ಒಂದು ಸಲ ಬಲವಾಗಿ ಜಗ್ಗಿದಳು.

"ಇನ್ನೂ ಅನುಮಾನಾನಾ?"

"ಗುಂಡಿ ಮೇಲೆ ಮಾತ್ರ," ಎಂದಳು ಅವಳು. ಆಮೇಲೆ ಒಳಬಾಗಿಲಿನ ಕಡೆ ತಿರುಗಿ, "ಅಕ್ಕಾ, ಟೀ ಇದ್ರೆ ನಂಗೂ ಒಂದು ಲೋಟ ಕೊಡಿ," ಎಂದಳು.